ಬಾಣದಕ್ಕ ಕಿತ್ತ ನಾಲ್ಕು ಸಸಿ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ: ತಪ್ಪು ಹುಡುಕುವುದು. ಹೊಲಿದ ಅಂಗಿ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಮೊದಲು ಕಾಲರು, ಆಮೇಲೆ ಹೆಗಲು, ತೋಳು, ಗುಂಡಿಪಟ್ಟಿ, ಜೇಬು. ಕೊನೆಗೆ ತಿರುಗಿಸಿ ಒಳಗಿನ ಹೊಲಿಗೆ. ಒಂದು ಅಂಗಿಗೆ ಮುಕ್ಕಾಲು ನಿಮಿಷ. ಎಲ್ಲಿ ನೂಲು ಬಿಟ್ಟಿದೆಯೋ, ಎಲ್ಲಿ ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗೆ ಓಡಿದೆಯೋ ಅಲ್ಲಿ ಉಗುರಿನಗಲದ ಕೆಂಪು ಬಾಣದ ಚೀಟಿಯೊಂದನ್ನು ಅಂಟಿಸಿ ಪಕ್ಕದ ಬುಟ್ಟಿಗೆ ಎಸೆಯಬೇಕು. ಆ ಚೀಟಿಗಳಿಂದಲೇ ಅವಳಿಗೆ ಬಾಣದಕ್ಕ ಎಂಬ ಹೆಸರು ಬಿತ್ತು. ಇಟ್ಟವರು ಹೊಲಿಯುವ ಹೆಂಗಸರು. ಪ್ರೀತಿಯಿಂದಲೇ ಇಟ್ಟರು ಎಂದು ಖಚಿತವಾಗಿ ಹೇಳುವಂತಿಲ್ಲ.

ಆ ಕಣ್ಣು ಸಂಜೆ ಗೇಟಿನಲ್ಲಿ ಕಳಚಿಟ್ಟು ಬರುವಂಥದ್ದಲ್ಲವಲ್ಲ. ಬಸ್ಸಿನಲ್ಲಿ ಮುಂದೆ ನಿಂತವರ ಬೆನ್ನಿನ ಹೊಲಿಗೆಯನ್ನು ಇಳಿಯುವ ನಿಲ್ದಾಣ ಬರುವವರೆಗೂ ನೋಡುತ್ತಿದ್ದಳು. ಗಂಡ ಮಡಿಸಿಟ್ಟ ಹೊದಿಕೆಯನ್ನು ಬಿಚ್ಚಿ ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಿಸುತ್ತಿದ್ದಳು. ಗಂಡ ಲಿಫ್ಟು ರಿಪೇರಿ ಮಾಡುವವನು, ಮಹಾ ಸಮಾಧಾನಿ. ತಾನು ಮಡಿಸುವುದನ್ನೂ ಬಿಡಲಿಲ್ಲ, ಅವಳು ಬಿಚ್ಚುವುದನ್ನು ಕೇಳಲೂ ಇಲ್ಲ. ಅತ್ತೆ ಮಾತ್ರ ಸುಮ್ಮನಿರುವ ಪೈಕಿ ಅಲ್ಲ. "ಇವನು ಹುಟ್ಟಿದಾಗ ನೀನು ಅಲ್ಲಿರಲಿಲ್ಲ, ಪುಣ್ಯ. ಇದ್ದಿದ್ರೆ ವಾಪಸ್ ಕಳಿಸ್ತಿದ್ದೆ" ಎಂದು ಸೊಸೆಯನ್ನು ಕೆಣಕುತ್ತಿದ್ದಳು. ಸೊಸೆ ನಗುತ್ತಿದ್ದಳು. ಗಂಡನ ಎಡ ಮೀಸೆ ಬಲ ಮೀಸೆಗಿಂತ ತುಸು ಗಿಡ್ಡ ಎಂಬುದು ಮದುವೆಯ ದಿನವೇ ಅವಳ ಕಣ್ಣಿಗೆ ಬಿದ್ದಿತ್ತು, ಆ ಮಾತು ಬೇರೆ.

ಹೀಗಿರುವಾಗ ಒಂದು ದಿನ ಒಂದು ಅಂಗಿಯಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಒಳಗೆ ನೋಡಿದಳು, ಹೊರಗೆ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಯಾರೋ ಪುಣ್ಯಾತ್ಗಿತ್ತಿ ಅಷ್ಟು ಚೆಂದ ಹೊಲಿದಿದ್ದಳು. ಬಾಣದಕ್ಕನಿಗೆ ನಿರಾಸೆಯಾಯಿತು. ಒಳ್ಳೆಯ ಅಂಗಿ ಕಂಡು ತನಗೆ ನಿರಾಸೆಯಾಯಿತಲ್ಲ ಎಂದು ಮರುಗಳಿಗೆ ಹೆದರಿಕೆಯೂ ಆಯಿತು. ಆ ಹೆದರಿಕೆ ಮಾತ್ರ ಹೋಗಲಿಲ್ಲ.

ಆ ವರ್ಷ ರಸ್ತೆ ಅಗೆದು ಹಾಕಿದ್ದರಿಂದ ಬಸ್ಸು ಸಾರ್ವಜನಿಕ ಉದ್ಯಾನದ ಗೇಟಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಕಾರ್ಖಾನೆಗೆ ಉದ್ಯಾನದೊಳಗಿಂದಲೇ ನಡೆದು ಹೋಗಬೇಕು. ಎಲ್ಲರೂ ಗೊಣಗಿದರು. ಬಾಣದಕ್ಕ ಮೊದಲ ವಾರ ಗೊಣಗಿದಳು, ಎರಡನೆಯ ವಾರ ಒಂದು ಬಸ್ಸು ಮೊದಲೇ ಹತ್ತಿದಳು. ಆ ದಾರಿಯಲ್ಲಿ ಅವಳ ಕಣ್ಣಿಗೆ ಏನೂ ಕೆಲಸವಿರಲಿಲ್ಲ. ಒಂದು ಎಲೆಯ ಹಾಗೆ ಇನ್ನೊಂದು ಎಲೆ ಇಲ್ಲ. ಪಕ್ಕದಲ್ಲಿಟ್ಟು ಹೋಲಿಸಲು ಮಾದರಿ ಅಂಗಿ ಇಲ್ಲ. ಸೊಟ್ಟ ಮರ ಸೊಟ್ಟಗೇ ನಿಂತು ನೆರಳು ಕೊಡುತ್ತಿತ್ತು. ನಾಲ್ಕು ತಿಂಗಳ ಮೇಲೆ ರಸ್ತೆ ಸರಿಹೋಯಿತು. ಅವಳು ಆಗಲೂ ಉದ್ಯಾನದ ಗೇಟಿನಲ್ಲೇ ಇಳಿದಳು. ಅಲ್ಲಿ, ನರ್ಸರಿಗೆ ಕೆಲಸದವರು ಬೇಕಾಗಿದ್ದಾರೆ ಎಂಬ ಕಾಗದ ಅಂಟಿಸಿದ್ದರು. ಮೂರು ದಿನ ಅದರ ಮುಂದೆ ನಿಂತು ಹೋದವಳು ನಾಲ್ಕನೆಯ ದಿನ ಒಳಗೆ ಹೋಗಿ ಕೇಳಿದಳು.

ಮನೆಯಲ್ಲಿ ಹೇಳಿದಾಗ ಅತ್ತೆ ಮೂಗು ಮುರಿದಳು; ನಲವತ್ತೊಂಬತ್ತು ವರ್ಷಕ್ಕೆ ಮಣ್ಣು ಹೊರಲು ಹೊರಟವರನ್ನು ತಾನು ಕಂಡಿಲ್ಲ ಎಂದಳು. ಗಂಡ ಮೊದಲು ಊಟ ಮುಗಿಸು ಎಂದ. ಕೈ ತೊಳೆದು ಬಂದ ಮೇಲೆ, "ಹೋಗು. ಆದ್ರೆ ಗಿಡಗಳಿಗೆ ಬೈಬೇಡ" ಎಂದ. ಅಷ್ಟಕ್ಕೇ ಮಾತು ಮುಗಿಯಿತು.

ಕಾರ್ಖಾನೆಯ ಮ್ಯಾನೇಜರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಇಂಥ ಕಣ್ಣು ತನಗೆ ಮತ್ತೆ ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಒಂದು ತಿಂಗಳು ಮೇಜು ಖಾಲಿ ಇಡುತ್ತೇನೆ, ಬೆನ್ನು ನೋವು ಬಂದರೆ ಬಂದುಬಿಡಿ ಎಂದ. ಇತ್ತ ಉದ್ಯಾನದ ಕಚೇರಿಯವರೂ ಒಂದು ತಿಂಗಳು ನೋಡುತ್ತೇವೆ, ಹಿರಿಮಾಲಿ ಹ್ಞೂಂ ಅಂದರೆ ಕೆಲಸ ಖಾಯಂ, ಇಲ್ಲವಾದರೆ ಇಲ್ಲ ಎಂದಿದ್ದರು. ಹೀಗಾಗಿ ಆ ಮೂವತ್ತು ದಿನ ಅವಳ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ.

ಹಿರಿಮಾಲಿ ಎಂದರೆ ದಪ್ಪ ಕನ್ನಡಕದ, ಮಿತಮಾತಿನ ಮುದುಕ. ಮೂವತ್ತೈದು ವರ್ಷದಿಂದ ಆ ನರ್ಸರಿಯ ಹಸಿರು ಪರದೆಯ ಕೆಳಗೇ ಇದ್ದವರು. ಬಾಣದಕ್ಕ ಮೊದಲ ದಿನ ಇನ್ನೂರು ಕುಂಡಗಳನ್ನು ನೂಲು ಹಿಡಿದು ಸಾಲಾಗಿ ಜೋಡಿಸಿದಳು. ಉಳಿದ ಮಾಲಿಗಳು ಬಿದ್ದು ಬಿದ್ದು ನಕ್ಕರು. ಹಿರಿಮಾಲಿ ನಗಲಿಲ್ಲ, ಹೋಗುವ ದಾರಿಯಲ್ಲಿ ಒಂದು ಕುಂಡವನ್ನು ಕಾಲಿನಿಂದ ತುಸು ಸರಿಸಿ ಸಾಲು ಕೆಡಿಸಿ ಹೋದರು. ಅದು ಹಾಗೇ ಇರಲೆಂದು ಬಿಡುವುದಕ್ಕೆ ಅವಳಿಗೆ ಇಡೀ ಬೆಳಗು ಹಿಡಿಯಿತು. ಆದರೆ ಬಿಟ್ಟಳು.

ಬೆನ್ನು ನೋಯದೆ ಇರಲಿಲ್ಲ. ಉಗುರಿನ ಸಂದಿಯ ಮಣ್ಣು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆದರೂ ಖುಷಿಯಾಗಿದ್ದಳು, ಅದನ್ನು ಮುಚ್ಚಿಡುವುದೇನಿದೆ. ಬೇರು ಹರಿಯದಂತೆ ಸಸಿ ಎತ್ತುವುದು, ಮಣ್ಣು ಹಿಡಿಯಲ್ಲಿ ಹಿಂಡಿ ತೇವ ನೋಡುವುದು, ಬೀಜದ ಮೇಲೆ ಎಷ್ಟು ಮಣ್ಣು ಉದುರಿಸಬೇಕೆಂಬುದು, ಎಲ್ಲ ಕೈಗೆ ಹತ್ತುತ್ತಾ ಬಂತು. ಊಟವಾದ ಮೇಲೆ ಬೆಂಚಿನ ಮೇಲೆ ಕಾಲು ಚಾಚಿ ಕೂತು ಸುಮ್ಮನೆ ನೋಡುತ್ತಿದ್ದಳು. ವಾರವಾದರೂ ತಾನು ಮಡಿಸಿದ ಹೊದಿಕೆಯನ್ನು ಹೆಂಡತಿ ಬಿಚ್ಚಿಲ್ಲವೆಂದು ಗಂಡ ತಾಯಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದ. ಮುದುಕಿ ಎದ್ದು ಹೋಗಿ ಹೊದಿಕೆಯನ್ನು ಕಣ್ಣಾರೆ ನೋಡಿ ಬಂದಳು.

ಮೂರನೆಯ ವಾರ ಹಿರಿಮಾಲಿ ಕಣ್ಣಿನ ಆಸ್ಪತ್ರೆಗೆಂದು ಎರಡು ದಿನ ರಜೆ ಹಾಕಿದರು. ಹೊರಡುವಾಗ, ಸಂಜೆಮಲ್ಲಿಗೆಯ ತಟ್ಟೆಗಳಲ್ಲಿ ಸಸಿಗಳು ಒತ್ತೊತ್ತಾಗಿವೆ, ಸೊರಗಿದ್ದನ್ನು ಕಿತ್ತು ಒಳ್ಳೆಯದಕ್ಕೆ ಜಾಗ ಮಾಡು ಎಂದು ಅವಳಿಗೆ ಹೇಳಿದರು. ನಲವತ್ತು ತಟ್ಟೆ, ಸಾವಿರದಷ್ಟು ಸಸಿ. ತಟ್ಟೆಯನ್ನು ಮೇಜಿನ ಮೇಲಿಟ್ಟಳು, ನೋಡಿ, ಅಷ್ಟೇ. ಇಪ್ಪತ್ತಾರು ವರ್ಷದ ಅಭ್ಯಾಸ ಮೈಮೇಲೆ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಗಿಡ್ಡದ್ದು, ಕಿತ್ತಳು. ಬಾಗಿದ್ದು, ಕಿತ್ತಳು. ನಡುನಡುವೆ ಎಲೆಯ ಮೇಲೆ ಬಿಳಿ ಗೆರೆಯಿರುವ ನಾಲ್ಕು ಸಸಿ ಸಿಕ್ಕವು, ಸುಣ್ಣ ಸಿಡಿದ ಹಾಗೆ. ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದುಕೊಂಡಳು. ಅವನ್ನೂ ಕಿತ್ತು ಗೊಬ್ಬರದ ಗುಂಡಿಗೆ ಎಸೆದಳು. ಎರಡು ದಿನದ ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತು. ಆವತ್ತು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಹಿರಿಮಾಲಿ ಬಂದವರೇ ನೇರ ಹಿಂದಿನ ಸಾಲಿನ ಒಂದು ತಟ್ಟೆಯ ಹತ್ತಿರ ಹೋದರು. ಬಗ್ಗಿದರು. ಕನ್ನಡಕ ಒರೆಸಿ ಮತ್ತೆ ಬಗ್ಗಿದರು. ಆಮೇಲೆ ಎಲ್ಲರನ್ನೂ ಕರೆದು, ಇಲ್ಲಿದ್ದ ಬಿಳಿ ಗೆರೆಯ ಸಸಿ ಎಲ್ಲಿ ಎಂದು ಕೇಳಿದರು. ಉಳಿದ ಮಾಲಿಗಳಿಗೆ ಗೊತ್ತಿರಲಿಲ್ಲ. ಆಗ ಆ ಮಿತಮಾತಿನ ಮುದುಕ ಒಂದೇ ಉಸಿರಿಗೆ ಹೇಳಿಬಿಟ್ಟರು. ಹನ್ನೊಂದು ವರ್ಷದ ಹಿಂದೆ ಕಾರಂಜಿಯ ಪಕ್ಕದ ಒಂದು ಸಂಜೆಮಲ್ಲಿಗೆಯಲ್ಲಿ ಒಂದೇ ಒಂದು ಕೊಂಬೆ ಬಿಳಿ ಗೆರೆಯ ಎಲೆ ಬಿಟ್ಟಿತ್ತಂತೆ. ಅದರ ಬೀಜ ಎತ್ತಿಟ್ಟು ಪ್ರತಿ ವರ್ಷ ಬಿತ್ತುತ್ತಾ ಬಂದರಂತೆ. ಪ್ರತಿ ವರ್ಷವೂ ಬರೀ ಹಸಿರು. ಈ ವರ್ಷ ಒಂದು ಸಸಿಯಲ್ಲಿ ಗೆರೆ ಕಂಡಿತ್ತು. ಹೇಳಿದರೆ ಎಲ್ಲರೂ ಮುಟ್ಟಿ ಮುಟ್ಟಿ ನೋಡುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ.

ಬಾಣದಕ್ಕನ ಕಣ್ಣು ಗೊಬ್ಬರದ ಗುಂಡಿಯ ಕಡೆಗೆ ಹೋಯಿತು.

ಸೊರಗಿರದ ಆ ಸಸಿಯನ್ನು ಯಾರೂ ಕೀಳಲಾರರು, ಬಸವನಹುಳು ತಿಂದಿರಬೇಕು ಎಂದು ಹಿರಿಮಾಲಿ ತಾವೇ ತೀರ್ಮಾನ ಮಾಡಿಕೊಂಡು, ಡಬ್ಬಿ ಹಿಡಿದು ತಟ್ಟೆಗಳ ಅಡಿಯಲ್ಲಿ ಹುಳ ಆರಿಸತೊಡಗಿದರು. ಅವಳು ನೀರಿನ ಕ್ಯಾನು ಹಿಡಿದು ನಿಂತಲ್ಲೇ ನಿಂತಳು. ಕಿತ್ತದ್ದನ್ನು ಯಾರೂ ನೋಡಿಲ್ಲ. ತಿಂಗಳು ತುಂಬಲು ಇನ್ನು ಒಂಬತ್ತು ದಿನ. ತುಟಿಪಿಟಕ್ಕೆನ್ನದೆ ಇದ್ದರೆ ಬಸವನಹುಳುವೇನು ಬಂದು ಸಾಕ್ಷಿ ಹೇಳುವುದಿಲ್ಲ. ಹೇಳಿದರೆ ಈ ಹಸಿರು ಪರದೆ, ಈ ಬೆಂಚು, ಈ ದಾರಿ ಎಲ್ಲ ಬಿಟ್ಟು ಮತ್ತೆ ಆ ಮೇಜು. ಇಪ್ಪತ್ತಾರು ವರ್ಷ ಕಂಡವರ ತಪ್ಪಿಗೆ ಬಾಣ ಅಂಟಿಸುವಾಗ ಒಂದು ಸಲವೂ ಹಿಂದೆಮುಂದೆ ನೋಡದ ಕೈ ಈಗ ನೀರು ಹಾಕಿದ ತಟ್ಟೆಗೇ ಮತ್ತೆ ನೀರು ಹಾಕಿತು. ಅದೇ ಸಸಿಯ ವಿಷಯಕ್ಕೆ ಸುಳ್ಳು ಹೇಳಿ ಈ ಸಸಿಗಳ ನಡುವೆ ಉಳಿಯುವುದು ತನ್ನಿಂದಾಗದು ಎಂದು ಅವಳಿಗೆ ಮಧ್ಯಾಹ್ನದ ಹೊತ್ತಿಗೆ ಸ್ಪಷ್ಟವಾಯಿತು.

ಎಲ್ಲರೂ ಊಟಕ್ಕೆ ಕೂತಿದ್ದರು. ಹಿರಿಮಾಲಿ ಬುತ್ತಿ ಬಿಚ್ಚದೆ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಒಬ್ಬರೇ ಕೂತಿದ್ದರು.

"ಯಜಮಾನ್ರೇ, ಹುಳ ತಿಂದಿಲ್ಲ. ನಾನೇ ಕಿತ್ತೆ" ಎಂದಳು. "ಬಣ್ಣ ಹಿಡಿದಿಲ್ಲ ಅಂದ್ಕೊಂಡೆ. ನಾಲ್ಕನ್ನೂ ಕಿತ್ತು ಗುಂಡಿಗೆ ಹಾಕ್ಬಿಟ್ಟೆ."

ಅವರು ಬುತ್ತಿಯ ಗಂಟನ್ನು ಪಕ್ಕಕ್ಕೆ ಸರಿಸಿಟ್ಟರು. ಬೈದಿದ್ದರೇ ವಾಸಿ ಎಂದು ಅವಳಿಗೆ ಅನಿಸಿತು. ಆಮೇಲೆ ಕತ್ತೆತ್ತಿ, "ನಾಲ್ಕಾ?" ಎಂದರು.

"ಹೌದು. ನಾಲ್ಕು."

"ನಾನು ನೋಡಿದ್ದು ಒಂದೇ."

ಬಾಣದಕ್ಕ ಬೆರಳು ಮಡಿಚಿ ಹೇಳಿದಳು. ಒಂದು ಹಿಂದಿನ ಸಾಲಿನದು, ಅಗಲ ಗೆರೆ. ಇನ್ನೆರಡು ನಡುಸಾಲಿನ ತಟ್ಟೆಯವು, ಅಂಚಿನಲ್ಲಿ ಮಾತ್ರ ಬಿಳಿ. ಮತ್ತೊಂದು ಬಾಗಿಲ ಬಳಿಯದು. ಅದರ ಗೆರೆ ಎಲೆಯ ಕೆಳಗಿತ್ತು, ಹೊಲಿಗೆಯ ನೂಲಿನಷ್ಟೇ ದಪ್ಪ. ಮುದುಕ ಅವಳನ್ನೇ ನೋಡುತ್ತಾ ಕೇಳಿದರು. ಆಮೇಲೆ ಮಂಡಿಗೆ ಕೈ ಊರಿ ಎದ್ದು ಗೊಬ್ಬರದ ಗುಂಡಿಯ ಕಡೆಗೆ ನಡೆದರು.

ಇಬ್ಬರೂ ಗುಂಡಿಗೆ ಇಳಿದರು. ಎರಡು ದಿನದ ಹುಲ್ಲು, ಕಸ, ತರಗೆಲೆ ಮೇಲೆ ಬಿದ್ದಿತ್ತು. ಅವರು ಸರಿಸಿಕೊಟ್ಟರು, ಅವಳು ನೋಡಿದಳು. ಬಾಡಿ ಮುದ್ದೆಯಾದ ನೂರಾರು ಸಸಿಗಳ ನಡುವೆ ತಾನು ಎಸೆದ ಒಂದೊಂದನ್ನೂ ಗುರುತು ಹಿಡಿದು ಎತ್ತಿದಳು. ನಾಲ್ಕೂ ಸಿಕ್ಕವು. ಹಿರಿಮಾಲಿ ಹನ್ನೊಂದು ವರ್ಷ ಕಾದ ಅಗಲ ಗೆರೆಯದು ಕೊಳೆತೇ ಹೋಗಿತ್ತು. ಅದನ್ನವರು ಅಂಗೈಯಲ್ಲಿಟ್ಟು ನೋಡಿ ಸುಮ್ಮನೆ ಕೆಳಗಿಟ್ಟರು. ಉಳಿದ ಮೂರನ್ನು ಕುಂಡಕ್ಕೆ ನೆಟ್ಟು ನೆರಳಿನಲ್ಲಿಟ್ಟರು. ವಾರದೊಳಗೆ ಅದರಲ್ಲಿ ಎರಡು ಒಣಗಿದವು. ಎಲೆಯ ಕೆಳಗೆ ನೂಲಿನಷ್ಟು ಗೆರೆಯಿದ್ದದ್ದು ಬದುಕಿತು. ಅದರಲ್ಲಿ ಮೂಡಿದ ಹೊಸ ಎಲೆ ಅರ್ಧಕ್ಕರ್ಧ ಬಿಳಿ.

ಅಷ್ಟಾದರೂ ಕೆಲಸದ ಬಗ್ಗೆ ಹಿರಿಮಾಲಿ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಅವಳಿಗೆ ಕೇಳಲು ಬಾಯಿ ಬರಲಿಲ್ಲ. ಮನೆಯಲ್ಲಿ ಗಂಡ ಕೇಳಿದರೆ, ಗಿಡಕ್ಕೆ ಬೈದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ ಎಂದಳು.

ಮೂವತ್ತನೆಯ ದಿನ ಬೆಳಿಗ್ಗೆ ಮ್ಯಾನೇಜರ ಫೋನು ಬಂತು. ಮೇಜು ಖಾಲಿ ಇದೆ, ನಾಳೆಯಿಂದ ಬರುತ್ತೀರಾ ಎಂದು ಕೇಳಿದ. ಸ್ವಲ್ಪ ತಾಳಿ, ನಾನೇ ಮಾಡುತ್ತೇನೆ ಎಂದು ಫೋನು ಇಟ್ಟು, ಸೀದಾ ಹಿರಿಮಾಲಿಯ ಮುಂದೆ ಹೋಗಿ ನಿಂತಳು. ನಾನು ಇರುವುದೋ ಹೋಗುವುದೋ, ಇವತ್ತು ಹೇಳಿಬಿಡಿ ಎಂದಳು.

ಅವರು ಹೊಸದಾಗಿ ಮೊಳೆತ ತಟ್ಟೆಗೆ ನೀರು ಚಿಮುಕಿಸುತ್ತಿದ್ದರು. ಕೈ ಒರೆಸಿಕೊಂಡರು.

"ನನ್ನ ಕಣ್ಣು ಹೋಗ್ತಾ ಇದೆ ಕಣಮ್ಮ. ಡಾಕ್ಟ್ರು ಹೇಳಿದ್ದನ್ನ ಇನ್ನೂ ಮನೇಲೂ ಹೇಳಿಲ್ಲ" ಎಂದರು. "ಈ ಹನ್ನೊಂದು ವರ್ಷದಲ್ಲಿ ಇಂಥವು ಇನ್ನೆಷ್ಟು ಬಂದಿದ್ವೋ. ಕಾಣದೆ ನನ್ನ ಕೈಯಾರೆ ಎಷ್ಟು ಕಿತ್ತೆಸೆದೆನೋ. ನೀನು ಒಂದು ಸಲ ಕಿತ್ತು ಬಂದು ಹೇಳ್ದೆ. ನಾನು ಯಾರಿಗೆ ಹೇಳ್ಲಿ?"

ಅವರು ಪಕ್ಕದ ಪೆಟ್ಟಿಗೆಯನ್ನು ಎಳೆದು ತಟ್ಟೆಯ ಮುಂದಿಟ್ಟು, ಅದರ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿದರು.

"ಕೂತ್ಕೋ. ಬೇರೆ ಥರ ಇರೋದು ಕಂಡ್ರೆ ಕೀಳ್ಬೇಡ, ನನ್ನ ಕರಿ."

ಅವಳು ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊದಲ ಸಾಲಿನ ಮೊದಲ ಸಸಿಯಿಂದ ಶುರು ಮಾಡಿದಳು. ಮೂರನೆಯ ಸಾಲಿಗೆ ಬಂದಾಗ ನೆನಪಾಗಿ ಮ್ಯಾನೇಜರಿಗೆ ಫೋನು ಮಾಡಿ, ಮೇಜನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದಳು. ಅಂಥ ಏನು ಕೆಲಸ ಕೊಟ್ಟಿದ್ದಾರೆ ಅಲ್ಲಿ ಎಂದು ಅವನು ಕೇಳಿದ.

"ಅದೇ ಸಾರ್, ಚೆಕಿಂಗು" ಎಂದಳು ಬಾಣದಕ್ಕ. "ಆದ್ರೆ ಇಲ್ಲಿ ಸಿಕ್ಕಿದ್ದನ್ನ ಎಸೆಯಲ್ಲ. ಇಟ್ಕೋತೀವಿ."