ಮೀಡಿಯಮ್ಮ

"ಮೀಡಿಯಮ್ಮ ಒಂದು ತುತ್ತು ಜಾಸ್ತಿ ಉಂಡ್ರೆ ಊರ ಹೆಂಗಸರ ಬಟ್ಟೆಯೆಲ್ಲ ಸಡಿಲ ಆಗುತ್ತೆ" ಎಂದು ಅಕ್ಕಪಕ್ಕದ ಮನೆಯವರೆಲ್ಲ ಹೇಳುತ್ತಿದ್ದೆವು. ನಗುವುದಕ್ಕೆ ಹೇಳುತ್ತಿದ್ದ ಮಾತು. ಸುಳ್ಳು ಮಾತೇನಲ್ಲ, ಹೇಗೆಂದು ಕೇಳಿ.

ದೊಡ್ಡ ರಸ್ತೆಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಬಟ್ಟೆ ಅಂಗಡಿಯೊಂದಿತ್ತು. ಡಿಸೈನರ್ ಗೌನುಗಳ ಅಂಗಡಿ. ಮುಂದುಗಡೆ ಕನ್ನಡಿ, ದೀಪ, ಸೆಂಟಿನ ವಾಸನೆ. ಹಿಂದುಗಡೆ ಉದ್ದನೆಯ ಕೋಣೆ, ಹೊಲಿಗೆ ಮಿಷನ್ನುಗಳ ಗಡಗಡ, ಇಸ್ತ್ರಿಯ ಹಬೆ. ಆ ಹಿಂದಿನ ಕೋಣೆಯಲ್ಲಿ ನಿಂತುಕೊಳ್ಳುವುದೇ ಅವಳ ಕೆಲಸ. ಹೌದು, ಬರೀ ನಿಂತುಕೊಳ್ಳುವುದು. ಹೊಸ ಗೌನು ಮಾಡಬೇಕೆಂದರೆ ಮೊದಲು ಅವಳ ಮೈಮೇಲೆ ಬಟ್ಟೆ ಇಳಿಬಿಟ್ಟು, ಗುಂಡುಪಿನ್ನು ಚುಚ್ಚಿ, ಅಲ್ಲಿ ಹಿಡಿದು ಇಲ್ಲಿ ಬಿಟ್ಟು ಅಳತೆ ಗೊತ್ತುಮಾಡುತ್ತಿದ್ದರು. ಅದೇ ಮೀಡಿಯಂ. ಅದರಲ್ಲಿ ಒಂದಿಷ್ಟು ಕಳೆದರೆ ಸ್ಮಾಲು, ಒಂದಿಷ್ಟು ಕೂಡಿದರೆ ಲಾರ್ಜು. ಊರಿನಲ್ಲಿ ಯಾರು ಆ ಅಂಗಡಿಯ ಗೌನು ತೊಟ್ಟರೂ ಅದು ಹೊರಟಿದ್ದು ಅವಳ ಸೊಂಟದಿಂದ, ಅವಳ ಹೆಗಲಿನಿಂದ. ಅದಕ್ಕೇ ಅವಳಿಗೆ ಮೀಡಿಯಮ್ಮ ಎಂಬ ಹೆಸರು ಬಿತ್ತು. ತಂದೆತಾಯಿ ಇಟ್ಟ ಹೆಸರು ಆಸ್ಪತ್ರೆಯವರು ಕೂಗಿದಾಗಲೇ ನಮ್ಮ ಕಿವಿಗೆ ಬಿದ್ದಿದ್ದು.

ಮೊದಲು ಗುಂಡಿ ಹೊಲಿಯುವುದಕ್ಕೆಂದು ಸೇರಿಕೊಂಡವಳು. ಒಂದು ದಿನ ಅಂಗಡಿಯ ಮೇಡಂ ಬಾಗಿಲಲ್ಲಿ ನಿಂತು ನೋಡಿ, "ಏಳಮ್ಮ, ಒಂದ್ಸಲ ತಿರುಗು" ಎಂದರಂತೆ. ಇವಳು ತಿರುಗಿದಳು. ಅಷ್ಟೇ, ಸೂಜಿ ಕೆಳಗಿಟ್ಟಳು.

ಕಟಿಂಗ್ ಮಾಸ್ಟರು ವಯಸ್ಸಾದವರು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವರು. ಅವರ ಮಾತು ಅವಳೊಬ್ಬಳಿಗೇ ತಿಳಿಯುತ್ತಿತ್ತು.

"ಉಸಿರು ಹಿಡಿ ಮಗಳೇ. ಹಾಂ. ಈಗ ಬಿಡು. ಪೂರ್ತಿ ಬಿಡು, ಗೌನು ಹಾಕ್ಕೊಳ್ಳೋಳು ಉಸಿರಾಡ್ಬೇಕಲ್ವಾ?"

"ನಾನು ಆಡೋದು ಬೇಡ್ವಾ ಮಾಸ್ಟ್ರೇ?"

"ನಿಂದು ಆಮೇಲೆ."

ಕಾಲಿಗೆ ಅಂಗಡಿಯದೇ ಒಂದು ಜೊತೆ ಕಪ್ಪು ಹೈ ಹೀಲ್ಸು, ನಾಲ್ಕು ಬೆರಳೆತ್ತರದ್ದು. ಅದನ್ನು ತೊಟ್ಟು ನಿಂತಾಗ ಗೌನಿನ ಅಂಚು ನೆಲವನ್ನು ಮುಟ್ಟಿಯೂ ಮುಟ್ಟದ ಹಾಗಿರಬೇಕು. ಅಂಗಡಿಯ ಉದ್ದದ ಗೌನಿಗೆಲ್ಲ ಅದೇ ಎತ್ತರ. ಸಂಜೆ ಮೂರನೆಯ ಮಹಡಿಯ ಮನೆಗೆ ಹತ್ತುವಾಗ ಮಾತ್ರ ತನ್ನ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬರುತ್ತಿದ್ದಳು. "ಇಷ್ಟೊತ್ತು ಆಕಾಶದಲ್ಲಿದ್ದೆ, ಸ್ವಲ್ಪ ನೆಲ ತುಳೀತೀನಿ" ಅನ್ನುತ್ತಿದ್ದಳು.

ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡನಿಗೆ ಬೀಗ ರಿಪೇರಿ ಕೆಲಸ. ಮಾತು ಕಡಿಮೆ, ಅವನ ಮಾತನ್ನೂ ಅತ್ತೆಯೇ ಆಡಿಬಿಡುತ್ತಿದ್ದರು. ಅತ್ತೆಗೆ ಸೊಸೆಯ ತಟ್ಟೆ ನೋಡಿದರೆ ಸಿಟ್ಟು.

"ಇದೇನೇ, ಗುಬ್ಬಿಗೆ ಹಾಕಿದ ಹಾಗೆ ಹಾಕ್ಕೊಂಡಿದ್ದೀಯ! ಊರೋರೆಲ್ಲ ನನ್ನ ಬೈಯ್ಯಲಿ ಅಂತಾನಾ?"

"ಸೊಂಟ ಒಂದು ಬೆರಳು ಹೆಚ್ಚಾದ್ರೆ ಕೆಲಸ ಹೋಗುತ್ತೆ ಅತ್ತೆ."

"ಇಷ್ಟು ವರ್ಷ ಇಷ್ಟೊಂದು ಗೌನು ಮೈಮೇಲೆ ಹಾಕ್ಕೊಂಡೆಯಲ್ಲ, ಪೂರ್ತಿ ಹೊಲಿದಿದ್ದು ಒಂದಾದ್ರೂ ಹಾಕ್ಕೊಂಡಿದ್ದೀಯಾ?"

"ಹೊಲಿದು ಮುಗಿದ ಮೇಲೆ ಅದು ನನ್ನದಲ್ಲ ಅತ್ತೆ" ಎಂದು ಮೀಡಿಯಮ್ಮ ನಗುತ್ತಿದ್ದಳು. ನಿಜವೇ. ಅವಳ ಮೈಮೇಲೆ ಇದ್ದಷ್ಟು ಹೊತ್ತೂ ಗೌನಿಗೆ ಝಿಪ್ಪಿರುತ್ತಿರಲಿಲ್ಲ, ತೋಳಿರುತ್ತಿರಲಿಲ್ಲ. ಬರೀ ಪಿನ್ನು.

ಹಾಗೆ ಕಾಪಾಡಿಕೊಂಡ ಮೈ. ಅದೇ ಕೈಕೊಟ್ಟಿತು.

ಮೊದಲು ಕಾಲು. ಒಂದು ಬೆಳಿಗ್ಗೆ ಅಂಗಡಿಯ ಕಪ್ಪು ಚಪ್ಪಲಿಯೊಳಗೆ ಕಾಲು ಹೋಗಲೇ ಇಲ್ಲ. ಪಾದ ಹಿಟ್ಟಿನ ಮುದ್ದೆಯ ಹಾಗೆ ಊದಿತ್ತು, ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮಾಸ್ಟರು ಯಾರಿಗೂ ಹೇಳದೆ ಬಡಗಿಯ ಹತ್ತಿರ ನಾಲ್ಕು ಬೆರಳೆತ್ತರದ ಎರಡು ಮರದ ತುಂಡು ಮಾಡಿಸಿ ತಂದು ಅವಳ ಹಿಮ್ಮಡಿಯ ಕೆಳಗಿಟ್ಟರು. "ಎತ್ತರ ಬಂದ್ರೆ ಸಾಕು, ಚಪ್ಪಲಿ ಯಾರು ನೋಡ್ತಾರೆ" ಎಂದರು. ಅವಳು ಮರದ ಮೇಲೆ ಹಿಮ್ಮಡಿಯೂರಿ, ಮೇಜಿನ ಅಂಚು ಹಿಡಿದು ನಿಂತಳು.

ಆಮೇಲೆ ಮುಖ ಊದಿತು, ಸೊಂಟ ತುಂಬಿತು. ಡಾಕ್ಟರು ಪರೀಕ್ಷೆ ಮಾಡಿಸಿ, ಎರಡು ಕಿಡ್ನಿಯೂ ಸೋತಿವೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದರು. ಅತ್ತೆಗೆ ಅರ್ಥವಾಗಲಿಲ್ಲ.

"ಊಟ ಮಾಡದೇ ಹೀಗಾಯ್ತಾ ಡಾಕ್ಟ್ರೇ?"

"ಇಲ್ಲಮ್ಮ."

"ಮಾಡಿದ್ರೆ ಸರಿ ಹೋಗುತ್ತಾ?"

"ಇಲ್ಲಮ್ಮ."

ಬೀಗದವನು ಹೊರಗೆ ಬೆಂಚಿನ ಮೇಲೆ ಕುಳಿತು ತನ್ನ ಅಂಗೈ ನೋಡಿಕೊಂಡು, "ಕೀಲಿ ಆಗಿದ್ರೆ ಅರ ಹಾಕಿ ಉಜ್ಜಿ ಸರಿಮಾಡ್ತಿದ್ದೆ" ಎಂದ. ಆ ತಿಂಗಳು ಅವನ ಬಾಯಿಂದ ನಾವು ಕೇಳಿದ್ದು ಅದೊಂದೇ ಮಾತು.

ಆದರೂ ಮೀಡಿಯಮ್ಮ ಕೆಲಸ ಬಿಡಲಿಲ್ಲ. "ನಿಂತ್ಕೊಳ್ಳೋದು ತಾನೆ" ಅನ್ನುತ್ತಿದ್ದಳು. ಎಡವಟ್ಟು ಶುರುವಾಗಿದ್ದು ಇಲ್ಲೇ. ಆಸ್ಪತ್ರೆಗೆ ಹೋಗುವ ಮುಂಚಿನ ದಿನ ಅವಳ ಮೈಯಲ್ಲಿ ನೀರು ತುಂಬಿ ಬೀಗಿರುತ್ತಿತ್ತು. ಹೋಗಿ ಬಂದ ಮಾರನೆಯ ದಿನ ನೀರೆಲ್ಲ ಇಳಿದು ಒಣಗಿದ ಹಾಗಿರುತ್ತಿತ್ತು. ಮಾಸ್ಟರು ಅವಳ ಹಳೆಯ ಅಳತೆಯನ್ನು ಬರೆದು ಗೋಡೆಗೆ ತೂಗುಹಾಕಿದವರಲ್ಲ. ಅವರ ಮಟ್ಟಿಗೆ ಅಳತೆ ಅಂದರೆ ಅವಳೇ. ತುಂಬಿದ ದಿನ ತುಂಬಿದ ಹಾಗೆ, ಇಳಿದ ದಿನ ಇಳಿದ ಹಾಗೆ ಪಿನ್ನು ಚುಚ್ಚುತ್ತಾ ಹೋದರು. ಎಲ್ಲದಕ್ಕೂ ಮೀಡಿಯಂ ಎಂಬ ಚೀಟಿ ಬಿತ್ತು.

ಮೊದಲು ತುಂಬಿದ ದಿನಗಳ ಗೌನು ಅಂಗಡಿಗೆ ಬಂದವು. ಗಿರಾಕಿಗಳಿಗೆ ಹಬ್ಬ. "ಅಯ್ಯೋ, ನಾನು ಮೀಡಿಯಂ ಆಗಿಬಿಟ್ಟೆ ಕಣ್ರೀ!" ಎಂದು ಟ್ರಯಲ್ ರೂಮಿನಿಂದ ಕುಣಿಯುತ್ತಾ ಬಂದವರಿದ್ದರು. ಆಮೇಲೆ ಇಳಿದ ದಿನಗಳ ಗೌನು ಬಂದವು. ಅದೇ ಹೆಂಗಸರು ಅದೇ ಮೀಡಿಯಂ ತೆಗೆದುಕೊಂಡು ಒಳಗೆ ಹೋಗಿ, ಅರ್ಧಕ್ಕೆ ನಿಂತ ಝಿಪ್ಪಿನೊಂದಿಗೆ ಹೊರಗೆ ಬಂದರು.

"ನಿಮ್ಮ ಅಂಗಡೀಲಿ ಒಟ್ಟು ಎಷ್ಟು ಮೀಡಿಯಂ ಇದೆ ರೀ?" ಎಂದು ಒಬ್ಬಾಕೆ ಎಲ್ಲರೆದುರು ಕೇಳಿಯೇಬಿಟ್ಟಳು.

ಮೇಡಂ ಹಿಂದಿನ ಕೋಣೆಗೆ ಬಂದರು. ಮರದ ತುಂಡಿನ ಮೇಲೆ ನಿಂತ ಹೆಂಗಸನ್ನು ನೋಡಿದರು, ಮಾಸ್ಟರನ್ನು ನೋಡಿದರು.

"ಮಾಸ್ಟ್ರೇ, ಗೊತ್ತಿರಲಿಲ್ವಾ ನಿಮಗೆ?"

ಮಾಸ್ಟರು ಬಾಯೊಳಗಿನ ಪಿನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

ಮೇಡಂ ಕೆಟ್ಟವರಲ್ಲ. ಕೂಗಾಡಲಿಲ್ಲ. ಕೆಲವು ದಿನ ಬಿಟ್ಟು ಒಂದು ಬೊಂಬೆ ತರಿಸಿದರು. ಬಟ್ಟೆ ಸುತ್ತಿದ ಮೈ, ಕಬ್ಬಿಣದ ಒಂಟಿ ಕಾಲು, ತಲೆಯಿಲ್ಲ. ಅವಳ ಪಕ್ಕದಲ್ಲೇ ನಿಲ್ಲಿಸಿ, "ನೋಡಮ್ಮ, ಬೇರೆ ಯಾರನ್ನೂ ತಂದಿಲ್ಲ. ನಿನ್ನ ಹಳೇ ಗೌನುಗಳ ಕಟಿಂಗ್ ಕಾಗದ ಕೊಟ್ಟು ಮಾಡಿಸಿದ್ದು. ಇದು ನೀನೇ. ಇನ್ನು ನೀನು ಮನೇಲಿ ರೆಸ್ಟ್ ತಗೋ" ಎಂದರು.

ಮೀಡಿಯಮ್ಮ ಬೊಂಬೆಯ ಸುತ್ತ ಒಂದು ಸುತ್ತು ಬಂದಳು. ಸೊಂಟದ ಮೇಲೆ ಕೈಯಿಟ್ಟಳು.

"ನಾನು ಹೀಗಿದ್ನಾ ಮಾಸ್ಟ್ರೇ?"

"ಹೀಗೇ ಇದ್ದೆ ಮಗಳೇ."

"ಚೆನ್ನಾಗಿದ್ದೆ" ಎಂದು ಮರದ ತುಂಡಿನಿಂದ ಇಳಿದಳು.

ಅತ್ತೆ ಈ ಸುದ್ದಿ ಕೇಳಿ ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡಕ್ಕೆ ಕೇಳುವ ಹಾಗೆ, "ತಲೆ ಇಲ್ಲ, ಹೊಟ್ಟೆ ಇಲ್ಲ, ನೋವೂ ಇಲ್ಲ! ಅಂಥದ್ದನ್ನೇ ಇಟ್ಕೊಳ್ಳಲಿ" ಎಂದು ಬೈದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅವರು ಅಳುವುದೂ ನಮಗೆ ಕೇಳಿಸಿತು.

ಅಲ್ಲಿಂದ ಮುಂದೆ ಹೇಳುವುದು ಹೆಚ್ಚಿಲ್ಲ. ಆಸ್ಪತ್ರೆ, ಮನೆ, ಆಸ್ಪತ್ರೆ, ಮನೆ. ಹಾಸಿಗೆಯಲ್ಲಿ ಒರಗಿ ಕೂತವಳು ಒಮ್ಮೊಮ್ಮೆ ಕಿಟಕಿಯಿಂದ ಕೆಳಗೆ ರಸ್ತೆಯಲ್ಲಿ ಹೋಗುವವರತ್ತ ಬೊಟ್ಟು ಮಾಡಿ, "ಅದು ನಂದು ಅತ್ತೆ, ಆ ನೀಲಿ ಗೌನು. ಕುತ್ತಿಗೆ ಹತ್ರ ಪಿನ್ನು ಚುಚ್ಚಿಬಿಟ್ಟಿತ್ತು" ಅನ್ನುವಳು. ಅತ್ತೆ ತಟ್ಟೆ ಹಿಡಿದು ಪಕ್ಕದಲ್ಲಿ ಕೂರುವರು. ಈಗ ಸೊಂಟಕ್ಕೆಂದು ತುತ್ತು ಬಿಡಬೇಕಾಗಿರಲಿಲ್ಲ, ಅಳೆಯುವವರಿರಲಿಲ್ಲ. ತುತ್ತು ಒಳಗಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಡಾಕ್ಟರು, ಇವತ್ತೇ ಕರೆತಂದು ಸೇರಿಸಿ ಎಂದು ಹೇಳಿ ಕಳಿಸಿದರು. ಈ ಸಲ ವಾಪಸು ಕಳಿಸುವ ಮಾತೆತ್ತಲಿಲ್ಲ. ಅದೇ ಹೊತ್ತಿಗೆ ಮಾಸ್ಟರು ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದರು. ಕಂಕುಳಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ಅಂಥದ್ದೇ ನೀಲಿ ಗೌನು. ಝಿಪ್ಪು ಇತ್ತು, ತೋಳಿತ್ತು, ಒಂದು ಪಿನ್ನೂ ಇರಲಿಲ್ಲ. ಕುತ್ತಿಗೆಯಲ್ಲಿ ಸೈಜಿನ ಚೀಟಿಯೂ ಇರಲಿಲ್ಲ.

"ಪೂರ್ತಿ ಹೊಲಿದಿದ್ದೀನಿ ಮಗಳೇ. ಇದು ನಿಂದೇ."

ಅತ್ತೆ, ಗಂಡ ಇಬ್ಬರೂ ಸೇರಿ ತೊಡಿಸಿದರು. ತೋಳು ಹೇಗೋ ಏರಿತು. ಬೆನ್ನು ಕೂಡಲಿಲ್ಲ. ನೀರು ತುಂಬಿದ ಮೈ. ಝಿಪ್ಪಿನ ಎರಡು ಅಂಚಿನ ನಡುವೆ ಒಂದು ಗೇಣು ಬೆನ್ನು ಕಾಣುತ್ತಿತ್ತು. ಬೀಗದವನು ಎಳೆದು ನೋಡಿದ, ಬಿಟ್ಟ. ಮತ್ತೆ ಎಳೆಯಲಿಲ್ಲ.

ಬಾಗಿಲಾಚೆ ನಿಂತಿದ್ದ ಮಾಸ್ಟರಿಗೆ ಝಿಪ್ಪಿನ ಸದ್ದು ಕೇಳದ್ದರಿಂದಲೇ ಗೊತ್ತಾಯಿತು. "ಯಾವ ದಿನದ ಅಳತೆ ಹಾಕ್ಬೇಕು ಅಂತ ತಿಳೀಲಿಲ್ಲ ಮಗಳೇ. ಕೈ ಹಳೇದನ್ನೇ ಕತ್ತರಿಸಿಬಿಡ್ತು" ಎಂದರು.

"ಇರಲಿ ಮಾಸ್ಟ್ರೇ. ಉಸಿರಾಡೋಕೆ ಜಾಗ ಇದೆ" ಎಂದಳು ಮೀಡಿಯಮ್ಮ.

ಅತ್ತೆ ತಮ್ಮ ಶಾಲು ತೆಗೆದು ಅವಳ ಬೆನ್ನು ಮುಚ್ಚಿದರು. ಕಾಲಿಗೆ ಹಾಕಲು ಚಪ್ಪಲಿ ಹುಡುಕಿದರು. ಅವಳದು ಹೋಗಲಿಲ್ಲ, ಅತ್ತೆಯದು ಹೋಗಲಿಲ್ಲ, ಗಂಡನದೂ ಹಿಡಿಯಲಿಲ್ಲ. ಬರಿಗಾಲಲ್ಲೇ ಕುರ್ಚಿಯಲ್ಲಿ ಕೂರಿಸಿ, ಮುಂದೆ ಮಾಸ್ಟರು, ಹಿಂದೆ ಗಂಡ ಹಿಡಿದು ಎತ್ತಿದರು. ನಾವೆಲ್ಲ ಬಾಗಿಲುಗಳಲ್ಲಿ ನಿಂತಿದ್ದೆವು. ಒಂದು ತುತ್ತಿನ ಆ ಮಾತನ್ನು ಆಡಿ ಆಡಿ ನಕ್ಕವರೇ ಮೆಟ್ಟಿಲ ಮೇಲಿನ ಕುಂಡಗಳನ್ನು ಸರಿಸಿ ದಾರಿ ಮಾಡಿದರು.

ಗೌನಿನ ಉದ್ದವೂ ಹಳೆಯದೇ, ಹೈ ಹೀಲ್ಸಿಗೆ ಇಟ್ಟಿದ್ದು. ಹಾಕಿಕೊಂಡವಳ ಕಾಲಲ್ಲಿ ಅದಿಲ್ಲ. ಉಳಿದ ನಾಲ್ಕು ಬೆರಳು ನೀಲಿ ಬಟ್ಟೆ ಅವಳ ಪಾದ ದಾಟಿ ಜೋತು, ಪ್ರತಿ ಮೆಟ್ಟಿಲಿಗೂ ಸವರುತ್ತಾ ಇಳಿಯಿತು. ಅತ್ತೆ ಬಗ್ಗಿ ಅಂಚನ್ನು ಎತ್ತಿ ಹಿಡಿದು ಕುರ್ಚಿಯ ಜೊತೆಗೇ ಹೆಜ್ಜೆ ಹಾಕಿದರು.

"ಮೆಲ್ಲಗೆ ಅತ್ತೆ, ತುಳೀಬೇಡಿ" ಎಂದಳು ಮೀಡಿಯಮ್ಮ, "ಹೊಸದು."