ತಂತಿ ಬಿಚ್ಚಿದ ಗುರುವಾರ

“ಮಗು ಎಲ್ಲಮ್ಮ?” ಎಂದರು ಡಾಕ್ಟರು.

ಬೆಂಗಳೂರಿನ ಹಲ್ಲಿನ ಆಸ್ಪತ್ರೆಯಲ್ಲಿ, ಸೊಟ್ಟ ಹಲ್ಲು ನೇರ ಮಾಡುವ ಕೋಣೆಯಲ್ಲಿ, ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಡಾಕ್ಟರು ನನ್ನ ಬೆನ್ನ ಹಿಂದೆ ನೋಡಿದರು, ಸೆರಗಿನ ಪಕ್ಕ ನೋಡಿದರು. ಮಗು ಎಲ್ಲೂ ಸಿಗಲಿಲ್ಲ.

“ಮಗು ಇಲ್ಲ ಸಾರ್. ಹಲ್ಲು ನನ್ನದೇ,” ಎಂದೆ.

ಅವರು ಕನ್ನಡಕ ಸರಿ ಮಾಡಿಕೊಂಡು “ನಿಮಗೇನಾ?” ಎಂದರು. ಯಾಕೆ, ಮೂವತ್ತು ದಾಟಿದವರು ಹಲ್ಲು ನೇರ ಮಾಡಿಸಬಾರದು ಅಂತ ಸರ್ಕಾರದ ಆರ್ಡರ್ ಏನಾದರೂ ಇದೆಯೇ? ಬೆಂಚಿನ ಮೇಲೆ ಕೂತಿದ್ದ ಮಕ್ಕಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ಕ್ಲಾಸಿನಲ್ಲಿ ನಾನು ಎಷ್ಟು ಕಿರುಚಿದರೂ ಮಕ್ಕಳು ಇಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲ.

ಇದು ಹೋದ ವರ್ಷದ ಮಾತು. ಮೊನ್ನೆ ಗುರುವಾರ ಹಲ್ಲಿಗೆ ಹಾಕಿದ್ದ ತಂತಿ ಬಿಚ್ಚಿದರು. ಚಿಕ್ಕಬಳ್ಳಾಪುರದ ನಲ್ಲಿ ನೀರಿನಿಂದ ಹಿಡಿದು ಹೈಸ್ಕೂಲು ಹುಡುಗರ ತಲೆಕ್ರಾಪಿನವರೆಗೆ ಎಲ್ಲದರ ಬಗ್ಗೆಯೂ ಈ ಅಂಕಣದಲ್ಲಿ ಬರೆದಿದ್ದೇನೆ. ನನ್ನ ಹಲ್ಲಿನ ಬಗ್ಗೆ ಮಾತ್ರ ಬರೆದಿರಲಿಲ್ಲ. ಈ ವಾರ ಬರೆದುಬಿಡುತ್ತೇನೆ.

ನಂದು ಉಬ್ಬು ಹಲ್ಲು. ಸಾಧಾರಣ ಉಬ್ಬಲ್ಲ. ತುಟಿ ಮುಚ್ಚಬೇಕೆಂದರೆ ಪ್ರಯತ್ನಪೂರ್ವಕ ಮುಚ್ಚಬೇಕು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ನನಗೆ ‘ಉಬ್ಬಲ್ಲಿ ಸರೋಜ’ ಅಂತಲೇ ಹೆಸರು, ಯಾಕೆಂದರೆ ಊರಿನಲ್ಲಿ ಇನ್ನೊಬ್ಬಳು ಸರೋಜ ಇದ್ದಳು. ಅಮ್ಮನಿಗೆ ಒಂದೇ ಗಾದೆ ಗೊತ್ತಿದ್ದದ್ದು. “ಬಾಯಿ ಬಿಟ್ಟರೆ ಬಣ್ಣಗೇಡು ಕಣೇ.” ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮ ಮನೆಯಲ್ಲಿದ್ದ ಬಂಗಾರವೆಲ್ಲ ನನ್ನ ಬಾಯಿಯಲ್ಲೇ ಇತ್ತು.

ಮೊದಲ ಚುನಾವಣೆಗೆ ಗೋಡೆಗೋಡೆಗೂ ಸುಣ್ಣದಲ್ಲಿ ಬರೆಯುತ್ತಿದ್ದ ಕಾಲ. ಚಿಂತಾಮಣಿ ಕಡೆಯವರು ನನ್ನನ್ನು ನೋಡಲು ಬಂದರು. ಬೆಳಗಿನಿಂದ ಅಮ್ಮನದು ಒಂದೇ ಪಾಠ. ಏನು ಕೇಳಿದರೂ ತಲೆಯಾಡಿಸು. ನಗು ಬಂದರೆ ತುಟಿ ಒಳಗೇ ನಗು. ಬಾಯಿ ಮಾತ್ರ ತೆಗೀಬೇಡ.

ಹುಡುಗನ ಅಜ್ಜಿ ತೆಲುಗಿನಲ್ಲಿ “ನೀ ಪೇರು ಏಮಮ್ಮಾ?” ಎಂದರು. ಅಪ್ಪ “ಸರೋಜ” ಎಂದರು. ಎಷ್ಟರವರೆಗೆ ಓದಿದೀಯ? ಅಪ್ಪನೇ ಹೇಳಿದರು. ಒಂದು ಹಾಡು ಹೇಳಮ್ಮ. “ಗಂಟ್ಲು ಕಟ್ಟಿದೆ,” ಎಂದಳು ಚಿಕ್ಕಮ್ಮ. ಉಪ್ಪಿಟ್ಟು ನೀನೇ ಮಾಡಿದ್ದಾ? ನಾನು ತಲೆಯಾಡಿಸಿದೆ. ಎಲ್ಲ ಸುಸೂತ್ರವಾಗಿ ಮುಗಿಯಿತು. ಹುಡುಗ ನನ್ನನ್ನು ನೋಡಿ ನಕ್ಕ ಕೂಡ. ನಾನು ತುಟಿ ಒಳಗೇ ನಕ್ಕೆ.

ವಾರದಲ್ಲಿ ಚಿಂತಾಮಣಿಯಿಂದ ಮಾತು ಬಂತು. “ಹುಡ್ಗಿ ಲಕ್ಷಣವಾಗಿದಾಳೆ, ಮನೆತನಾನೂ ಒಳ್ಳೇದು. ಆದ್ರೆ ಮೂಗಿ ಅಂತ ಮೊದಲೇ ಹೇಳ್ಬಾರ್ದಿತ್ತಾ?”

ಅಮ್ಮ ಏನೆಂದಳು ಗೊತ್ತೇ? “ಸದ್ಯ, ಹಲ್ಲು ನೋಡಿಲ್ವಲ್ಲ.”

ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದರು. ಹೋಗಿ ಹೇಳಿ ಬರುತ್ತೇನೆ ಎಂದರು. ಅಮ್ಮ ತಡೆದಳು. “ಹೋಗಿ ಏನಂತ ಹೇಳ್ತೀರಾ? ಮಾತು ಬರತ್ತೆ, ಹಲ್ಲು ಉಬ್ಬು ಅಂತಲಾ?” ಅಪ್ಪ ಟವೆಲ್ ತೆಗೆದು ಗೂಟಕ್ಕೆ ಹಾಕಿದರು. ಸುದ್ದಿಗೆ ಬಸ್ಸು ಬೇಕೇ? ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ, ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ತಾನೇ ನಡೆದುಕೊಂಡು ಹೋಯಿತು. ಆಮೇಲೆ ನಮ್ಮ ಮನೆಗೆ ಯಾರೂ ಹೆಣ್ಣು ನೋಡಲು ಬರಲಿಲ್ಲ.

ಮೂಗಿ ಮೇಷ್ಟರಾದಳು. ದಿನವಿಡೀ ಮಾತಾಡಿ ಅನ್ನ ತಿನ್ನುವ ಕೆಲಸ ಸಿಕ್ಕಿತು. ಕ್ಲಾಸಿನಲ್ಲಿ ನಗು ಬಂದರೆ ಪುಸ್ತಕ ಅಡ್ಡ, ಸ್ಟಾಫ್ ರೂಮಿನಲ್ಲಿ ಸೆರಗು ಅಡ್ಡ, ದಾರಿಯಲ್ಲಿ ಕೈ ಅಡ್ಡ. ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಅಪ್ಪ ಹೋದರು, ಅಮ್ಮ ಹೋದಳು. ಬಾಯಿ ಮುಚ್ಚಿಕೋ ಅನ್ನುವವರೂ ಈಗ ಯಾರೂ ಇಲ್ಲ.

ಒಂದು ಸಂಜೆ ರೇಡಿಯೋದಲ್ಲಿ ಯಾವುದೋ ಹಾಸ್ಯ ಪ್ರಹಸನ ಬರುತ್ತಿತ್ತು. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಜೋರಾಗಿ ನಗು ಬಂತು. ತಕ್ಷಣ ಕೈ ಬಾಯಿಗೆ ಹೋಯಿತು. ಕೋಣೆಯಲ್ಲಿ ನಾನೊಬ್ಬಳೇ. ಬಾಗಿಲು ಹಾಕಿತ್ತು. ಯಾರಿಂದ ಮುಚ್ಚಿಟ್ಟುಕೊಳ್ಳುತ್ತಿದ್ದೆ? ಕ್ಯಾಲೆಂಡರಿನಿಂದಲಾ?

ಅವತ್ತು ಬಹಳ ಅತ್ತೆ. ಒಂದೇ ಒಂದು ಸಲ, ಒಬ್ಬರ ಎದುರಿಗೆ, ಕೈ ಅಡ್ಡ ಇಲ್ಲದೆ ನಗಬೇಕು ಅನ್ನಿಸಿತು. ಅದಕ್ಕೇ ಹೊರಟದ್ದು ನಾನು ಬೆಂಗಳೂರಿಗೆ. (ಮದುವೆಗಲ್ಲ. ಊರಿನವರ ಲೆಕ್ಕ ಬೇರೆ ಇರಬಹುದು.)

ಆಸ್ಪತ್ರೆಯಲ್ಲಿ ಮೊದಲು, ಉಬ್ಬು ಹಲ್ಲು ಹಿಂದೆ ಸರಿಯಲು ಜಾಗ ಬೇಕೆಂದು ಎರಡು ಹಲ್ಲು ಕಿತ್ತರು. ಬಾಯಿಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ನನ್ನ ಹಲ್ಲಿನ ಸಾಲನ್ನೇ ಮಾಡಿ ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಜನ ನೋಡಿದ್ದೇನು ಅಂತ ನನಗೆ ತಿಳಿದದ್ದು ಆವಾಗಲೇ. ಆಮೇಲೆ ಒಂದೊಂದು ಹಲ್ಲಿಗೂ ಉಕ್ಕಿನ ಪಟ್ಟಿ ತೊಡಿಸಿ, ಅವುಗಳ ಮೂಲಕ ತಂತಿ ಎಳೆದರು. ಪ್ರತಿ ತಿಂಗಳೂ ಒಂದು ಗುರುವಾರ ಹೋಗಿ ಬಿಗಿ ಮಾಡಿಸಿಕೊಳ್ಳಬೇಕು. ಬಿಗಿ ಮಾಡಿದ ಮೇಲೆ ಹಲ್ಲೆಲ್ಲ ಜುಮುಜುಮು ನೋವು, ಚಪಾತಿ ಕೂಡ ಅಗಿಯುವಂತಿಲ್ಲ.

ಆದರೆ ನಾವು ಯಾವ ಸೀಮೆಯವರು? ಮುದ್ದೆ ನುಂಗುವ ಸೀಮೆಯವರು. ಮುದ್ದೆಗೆ ಹಲ್ಲು ಯಾಕೆ? ಅವರೆಕಾಳಿನ ಸಾರಿಗೆ ಅದ್ದಿ ನುಂಗಿದರಾಯಿತು. ಕೆಳಗಿನ ಮನೆಯ ಓನರಮ್ಮ ಮಾತ್ರ ಬಿಡಲಿಲ್ಲ. “ಹಲ್ಲಿದ್ದೋರಿಗೆ ಕಡ್ಲೆ ಇಲ್ಲ ಅಂತಾರಲ್ಲ ಟೀಚರಮ್ಮ, ಈ ವಯಸ್ಸಲ್ಲಿ ಹಲ್ಲು ನೆಟ್ಟಗೆ ಮಾಡ್ಕೊಂಡು ಯಾವ ಕಡ್ಲೆ ತಿಂತೀರಾ?” ಎಂದರು. ನಾನು ಮಹಡಿ ಹತ್ತಿ ಹೋಗಿ ಮುದ್ದೆಗೆ ಎಸರಿಟ್ಟೆ.

ಎರಡನೇ ಗುರುವಾರವೋ ಮೂರನೆಯದೋ, ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಮಗಳು ಕೂತರು. ಗೌರಿಬಿದನೂರಿನವರು. ಮಗಳು ವಸಂತ, ಎಂಟನೇ ಕ್ಲಾಸು. ಅವಳಿಗೂ ಹೊಸದಾಗಿ ತಂತಿ ಹಾಕಿದ್ದರು. ನಾನು ಮೇಷ್ಟರ ಚಾಳಿಗೆ ಹೆಸರು ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು. ಹೆಸರು ತಾಯಿ ಹೇಳಿದರು. ಯಾವ ಕ್ಲಾಸು ಎಂದೆ. ಅದನ್ನೂ ತಾಯಿಯೇ ಹೇಳಿದರು.

“ಯಾಕಮ್ಮ, ಇವಳು ಮಾತಾಡಲ್ವಾ?”

“ಮಾತಾಡ್ತಾಳೆ ಮಿಸ್. ತಂತಿ ಕಾಣ್ಸತ್ತೆ, ಬಾಯಿ ಮುಚ್ಕೊಂಡಿರು ಅಂತ ನಾನೇ ಹೇಳಿದೀನಿ. ಸ್ಕೂಲಲ್ಲೂ ಅಷ್ಟೆ. ತಂತಿ ತೆಗೆಯೋವರ್ಗೂ ತಾನೆ, ಆಮೇಲೆ ಎಷ್ಟು ಬೇಕೋ ಅಷ್ಟು ಮಾತಾಡ್ಲಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಯ್ಯಬೇಕೆಂದುಕೊಂಡೆ. ಆದರೆ ಆಕೆಯ ಮುಖದಲ್ಲಿ ನಮ್ಮಮ್ಮನ ಮುಖದಲ್ಲಿದ್ದ ಹೆದರಿಕೆಯೇ ಇತ್ತು. ಬಯ್ಯಲಾಗಲಿಲ್ಲ. ಹುಡುಗಿಯ ಕಡೆ ತಿರುಗಿ ಬಾಯಿ ಪೂರ್ತಿ ತೆಗೆದೆ.

“ನೋಡಮ್ಮ, ನಂದು ನಿಂಗಿಂತ ದಪ್ಪ ತಂತಿ.”

ವಸಂತ ತಲೆಯೆತ್ತಿದಳು. ಹತ್ತಿರ ಬಂದು ನೋಡಿದಳು. ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದಳು. “ಮಿಸ್, ಮುದ್ದೆ ಅಂಟ್ಕೊಂಡಿದೆ.”

ಬೆಳಗ್ಗೆ ರೈಲಿನ ಗಡಿಬಿಡಿಯಲ್ಲಿ ಬಾಯಿ ಸರಿಯಾಗಿ ಮುಕ್ಕಳಿಸಿರಲಿಲ್ಲ ನಾನು. ಹುಡುಗಿ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಇಬ್ಬರ ತಂತಿಯೂ ಆಸ್ಪತ್ರೆಯ ಜನಕ್ಕೆಲ್ಲ ಕಂಡಿತು. ವಾಪಸ್ಸು ಬರುವಾಗ ನಂದಿ ಸ್ಟೇಷನ್ನಿನಲ್ಲಿ ಯಾರೋ ದ್ರಾಕ್ಷಿ ಬುಟ್ಟಿ ಹತ್ತಿಸುತ್ತಿದ್ದಾಗ ನನಗೆ ಹೊಳೆಯಿತು. ನಗುವಾಗ ನನ್ನ ಕೈ ಮಡಿಲಲ್ಲೇ ಇತ್ತು.

ಮುಂದಿನ ತಿಂಗಳು ವಸಂತನ ತಾಯಿಗೆ ನನ್ನ ಚಿಂತಾಮಣಿ ಕಥೆ ಹೇಳಿದೆ. ಮೂಗಿ ಅನ್ನುವ ಜಾಗಕ್ಕೆ ಬಂದಾಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು.

“ಅಯ್ಯೋ. ಆಮೇಲೆ ಏನಾಯ್ತು ಮಿಸ್?”

“ಆಮೇಲೆ ಏನಿಲ್ಲಮ್ಮ. ಇಲ್ಲಿ ಕೂತಿದೀನಲ್ಲ, ಇದೇ ಆಮೇಲೆ.”

ಆಕೆ ಸೆರಗಿನಿಂದ ಮಗಳ ಮುಖ ಒರೆಸಿದರು, ಮುಖದಲ್ಲಿ ಏನೂ ಇರದಿದ್ದರೂ. ಅದರ ಮುಂದಿನ ತಿಂಗಳು ಬಂದವಳೇ ವಸಂತ ವರದಿ ಒಪ್ಪಿಸಿದಳು. “ಮಿಸ್, ಅಟೆಂಡೆನ್ಸಿಗೆ ಜೋರಾಗಿ ಪ್ರೆಸೆಂಟ್ ಸಾರ್ ಅಂದೆ. ಎಲ್ರೂ ತಿರುಗಿ ನೋಡಿದ್ರು. ನೋಡ್ಕೊಳ್ಲಿ ಬಿಡಿ.”

ಅಲ್ಲಿಂದ ಆ ಗುರುವಾರಗಳಿಗೆ ನಾನು ಕಾಯತೊಡಗಿದೆ. ಹಲ್ಲು ಬಿಗಿ ಮಾಡಿಸಿಕೊಳ್ಳಲು ಯಾರಾದರೂ ಕಾಯುತ್ತಾರೆಯೇ? ನಾನು ಕಾದೆ. ರಜೆ ಕೇಳಿದಾಗ ಹೆಡ್ಮಾಸ್ಟರ ಮುಖ ಗಂಟಾಗುತ್ತಿತ್ತು, ಆದರೂ ಕೇಳಿದೆ. ವಸಂತನಿಗೆ ಹುರಿಗಾಳಿನ ಬದಲು ಮೆತ್ತಗಿನ ರವೆಉಂಡೆ ಕಟ್ಟಿಕೊಂಡು ಹೋದೆ. ಅವಳು ನನಗೆ ಆಸ್ಪತ್ರೆಯ ಒಬ್ಬೊಬ್ಬ ಡಾಕ್ಟರ ನಡಿಗೆಯನ್ನೂ ಮಾಡಿ ತೋರಿಸಿದಳು. ತಿಂಗಳೆಲ್ಲ ಕೋಣೆಯಲ್ಲಿ ನಾನು ಮತ್ತು ರೇಡಿಯೋ. ಆ ಒಂದು ದಿನ ಮಾತ್ರ ಬೆಂಚು ತುಂಬ ನಗು.

ಮೊನ್ನೆ ಗುರುವಾರ ಡಾಕ್ಟರು ಇಕ್ಕಳದಿಂದ ಒಂದೊಂದೇ ಪಟ್ಟಿ ಬಿಚ್ಚಿ ಕೈಗೆ ಕನ್ನಡಿ ಕೊಟ್ಟರು. ಹಲ್ಲು ಸಾಲಾಗಿ, ಪ್ರೇಯರಿಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು. ನಾನು ನಕ್ಕೆ. ಡಾಕ್ಟರೂ ನಕ್ಕರು.

“ರಾತ್ರಿ ಹೊತ್ತು ಬಾಯಿಗೆ ಈ ಪ್ಲೇಟು ಹಾಕ್ಕೊಂಡು ಮಲಗಿ. ಇಲ್ದಿದ್ರೆ ಹಲ್ಲು ಹಳೇ ಜಾಗಕ್ಕೇ ಹೋಗತ್ವೆ. ಇನ್ಮೇಲೆ ತಿಂಗಳು ತಿಂಗಳು ಬರೋ ತೊಂದ್ರೆ ಇಲ್ಲ ನಿಮಗೆ,” ಎಂದರು.

ತೊಂದರೆಯಂತೆ.

ಹೊರಗೆ ಬೆಂಚಿನ ಮೇಲೆ ವಸಂತ ಕಾಯುತ್ತಿದ್ದಳು. “ಮಿಸ್, ಬಾಯಿ ತೆಗೀರಿ,” ಎಂದಳು. ತೆಗೆದೆ. ಮೊದಲ ದಿನದ ಹಾಗೆಯೇ ಹತ್ತಿರ ಬಂದು ನೋಡಿದಳು. “ಚೆನ್ನಾಗಿದೆ,” ಎಂದಳು. ಆಮೇಲೆ ಕೇಳಿದಳು. “ಹಂಗಾದ್ರೆ ಇನ್ನು ಬರಲ್ವಾ?”

ಅವಳಿಗೆ ತಂತಿ ಇನ್ನೂ ಒಂದು ವರ್ಷ ಇರಬೇಕಂತೆ.

ಗೌರಿಬಿದನೂರು ಏನು ಕಾಶಿಯೇ, ಹೋಗಿ ನೋಡಿ ಬಂದರಾಯಿತು ಅನ್ನುತ್ತೀರಿ. ಹೋಗಿ ಏನಂತ ಹೇಳಲಿ? ನಮ್ಮ ಕಡೆ ಒಂದು ಮನೆಗೆ ಹೋಗಬೇಕಾದರೆ ನೆಂಟಸ್ತಿಕೆ ಬೇಕು. ಮದುವೆ, ನಾಮಕರಣ, ಸಾವು, ಏನಾದರೊಂದು ನೆಪ ಬೇಕು. ಬಾಗಿಲಲ್ಲಿ ನಿಂತರೆ “ಯಾರ ಕಡೆಯವರು?” ಅಂತಾರೆ. ಆಸ್ಪತ್ರೆ ಬೆಂಚಿನಲ್ಲಿ ನಿಮ್ಮ ಹುಡುಗಿಯ ಪಕ್ಕ ಕೂರುತ್ತಿದ್ದೆ ಅನ್ನುವುದು ಯಾವ ನೆಂಟಸ್ತಿಕೆ? ಆ ತಾಯಿ ಕರೆದರೆ ಹೋಗಬಹುದಿತ್ತು. ಆಕೆ ಕರೆಯಲಿಲ್ಲ. ತಪ್ಪೇನಿಲ್ಲ, ಆಕೆಗೆ ಹೊಳೆದಿರಲಿಕ್ಕಿಲ್ಲ. ನಾನು ಬಾಯಿ ಬಿಟ್ಟು ಕೇಳಲಿಲ್ಲ. ಇಷ್ಟೆಲ್ಲ ಆದ ಮೇಲೂ ಅಮ್ಮನ ಗಾದೆ ಒಳಗೆಲ್ಲೋ ಉಳಿದುಕೊಂಡಿದೆ.

ವಸಂತನ ತಲೆ ಸವರಿ ಬಾಗಿಲವರೆಗೆ ಹೋದೆ. ರೈಲಿಗೆ ಹೊತ್ತಾಗುತ್ತಿತ್ತು. ಆದರೂ ತಿರುಗಿ ಬಂದು, ಮುಂದಿನ ಮಗುವಿನ ಬಾಯಿ ನೋಡುತ್ತಿದ್ದ ಡಾಕ್ಟರ ಪಕ್ಕ ನಿಂತೆ.

“ಸಾರ್, ಇನ್ನೊಂದ್ಸಲ ಸರಿಯಾಗಿ ನೋಡ್ತೀರಾ, ಯಾವ್ದಾದ್ರೂ ಒಂದು ಹಲ್ಲು ಸೊಟ್ಟಗೇ ಉಳ್ಕೊಂಡಿದೆಯಾ ಅಂತ?”