ಹೊಸಪೇಟೆಯ ಸರ್ವರಿಗೂ ಪೂಜೆ

ಆಯುಧಪೂಜೆಯ ದಿನ ಮಿಷನ್ ಓಡಿಸಬಾರದು ಅನ್ನೋದು ನಮ್ಮ ಗಣಿ ಕಂಪನಿಯ ಪದ್ಧತಿ. ಹಾಗಾಗಿ ಹಳೇ ಇಮೇಲುಗಳನ್ನೆಲ್ಲ ಕಾಯ್ದಿಡುವ ಸಂಡೂರಿನ ಸರ್ವರನ್ನು ನಿಲ್ಲಿಸಿದೆ. ಇದು ನಿಂತರೆ ಹೊಸಪೇಟೆಯದು ತಾನಾಗಿ ಕೆಲಸ ಹಿಡಿಯಬೇಕು. ಹಿಡಿಯಲಿಲ್ಲ. ಪರದೆಯಲ್ಲಿ ಎರಡೂ ಊರಿನವು ಸತ್ತಂತೆ ಬಿದ್ದಿದ್ದವು. ಕೋರ್ಟಿಗೆ ಕೊಡಬೇಕಾದ ಇಮೇಲುಗಳೂ ಅದರೊಳಗೇ. ಹೊಸಪೇಟೆಯ ಸರ್ವರ್ ನೋಡಿಕೊಳ್ಳುವ ಬಸಣ್ಣನಿಗೆ ಫೋನ್ ಹಚ್ಚಿದೆ.

"ನಾನೂ ಪೂಜಿಗೆ ಬಂದ್ ಮಾಡೀನ್ರಿ ಸರ. ಕುಂಬಳಕಾಯಿನೂ ಒಡದೀವಿ."

"ಜಲ್ದಿ ಚಾಲೂ ಮಾಡ್ರಿ ಬಸಣ್ಣ!"

"ಇವತ್ತ ಮುಟ್ಟಬಾರದ್ರಿ, ಕೇಡು."

ಒಳಗಿನದು ಉಳಿದಿದೆಯೋ ಹೋಯಿತೋ ಗೊತ್ತಿಲ್ಲ. ಹೂವಿನ ಹಾರ ಸರಿಸಿ, ಸಂಡೂರಿನ ಸರ್ವರಿನ ಸ್ವಿಚ್ಚನ್ನೇ ಒತ್ತಿದೆ. ಎಷ್ಟೋ ಹೊತ್ತಿನ ಮೇಲೆ ಎದ್ದಿತು, ಎಲ್ಲ ಇತ್ತು.

ಎರಡೂ ಒಟ್ಟಿಗೆ ನಿಲ್ಲಬಾರದೆಂದು ಈಗ ಹೊಸಪೇಟೆಯ ಪೂಜೆಯನ್ನು ಮರುದಿನಕ್ಕೆ ಹಾಕಿಸಿದ್ದೇನೆ. ದೇವಿ ಅದಕ್ಕೆ ಏನೂ ಅಂದಿಲ್ಲ. ಬಸಣ್ಣ ಮಾತ್ರ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ.